ಐನ್‌ಬೆಕ್‌ನಿಂದ ಆಂಡೆಕ್ಸ್‌ಗೆ: ಉಪವಾಸದ ಬಿಯರಿನ ಹಾದಿ

ಮಾರ್ಚ್ ತಿಂಗಳಲ್ಲಿ ಮ್ಯೂನಿಕ್‌ಗೆ ಪ್ರವಾಸಿಗರು ಅಷ್ಟಾಗಿ ಬರುವುದಿಲ್ಲ. ಚಳಿ ಪೂರ್ತಿ ಹೋಗಿರುವುದಿಲ್ಲ, ಮರಗಳು ಇನ್ನೂ ಬೋಳು, ಅಕ್ಟೋಬರ್‌ಫೆಸ್ಟ್‌ಗೆ ಅರ್ಧ ವರ್ಷ ಬಾಕಿ. ಆದರೆ ಊರಿನವರು ತಮಗಾಗಿಯೇ ಇಟ್ಟುಕೊಂಡ ಹಬ್ಬ ನಡೆಯುವುದು ಇದೇ ಹೊತ್ತಿನಲ್ಲಿ. ಸುರಂಗ ರೈಲಿನ ನಿಲ್ದಾಣದ ಗೋಡೆಗಳಲ್ಲಿ, ಊಟದ ಮನೆಗಳ ಮುಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟ ಹಲಗೆಗಳಲ್ಲಿ ಒಂದೇ ಪದ ಕಣ್ಣಿಗೆ ಬೀಳುತ್ತದೆ: ಷ್ಟಾರ್ಕ್‌ಬಿಯರ್. ಈ ಕೆಲವು ವಾರಗಳಿಗೆ ಇಲ್ಲಿನವರು ‘ಐದನೇ ಋತು’ ಎಂದು ಹೆಸರಿಟ್ಟಿದ್ದಾರೆ. ನಾಲ್ಕೇ ಋತುಗಳಿರುವ ದೇಶದಲ್ಲಿ ಬಿಯರಿಗಾಗಿ ಒಂದು ಋತುವನ್ನು ಹೆಚ್ಚುವರಿಯಾಗಿ ಸೃಷ್ಟಿಸಿಕೊಂಡವರು ಇವರು.

ಷ್ಟಾರ್ಕ್ ಎಂದರೆ ಬಲವಾದದ್ದು, ಗಟ್ಟಿಯಾದದ್ದು. ಕನ್ನಡ ನಾಡಿನಿಂದ ಹೋದವನಿಗೆ ಇದು ಹೊಸ ಮಾತೇನಲ್ಲ. ನಮ್ಮಲ್ಲಿ ಬಾರ್ ಅಂಡ್ ರೆಸ್ಟೋರೆಂಟಿನ ಮೇಜಿಗೆ ಕೂತ ಕೂಡಲೇ ಕೇಳುವುದು ‘ಮೈಲ್ಡಾ, ಸ್ಟ್ರಾಂಗಾ?’ ಎಂದೇ. ಭಾರತದ ನಿಯಮದಲ್ಲಿ 5 ಶೇಕಡಾ ಆಲ್ಕೋಹಾಲ್ ದಾಟಿದ ಬಿಯರು ಸ್ಟ್ರಾಂಗ್; ಮೇಲಿನ ಮಿತಿ 8. ಕೇಳುವವನಿಗೂ ಕೊಡುವವನಿಗೂ ಆ ಪದದ ಅರ್ಥ ಒಂದೇ: ಕಿಕ್. ಅದೇ ಅರ್ಥವನ್ನು ತಲೆಯಲ್ಲಿಟ್ಟುಕೊಂಡೇ ಹಲಗೆಯ ಮೇಲಿನ ಜರ್ಮನ್ ಪದ ಓದಿದ್ದೆ. ಮ್ಯೂನಿಕ್‌ನಲ್ಲಿ ಬಹಳ ಕಾಲದಿಂದ ನೆಲೆಸಿರುವ ಪುತ್ತೂರು ಕಡೆಯ ಗೆಳೆಯ ಒಂದು ಬಾಟಲಿಯನ್ನು ನನ್ನ ಮುಂದಿಟ್ಟು, ‘ಆಲ್ಕೋಹಾಲ್ ಎಷ್ಟು ಅಂತ ಆಮೇಲೆ ನೋಡು ಮಾರಾಯ, ಮೊದಲು ಇನ್ನೊಂದು ಅಂಕಿ ನೋಡು’ ಎಂದ.

ಆ ಇನ್ನೊಂದು ಅಂಕಿಯ ಹೆಸರು ಷ್ಟಾಮ್‌ವ್ಯುರ್ತ್ಸೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿನಲ್ಲಿ ನೆನೆಹಾಕಿ ಸೋಸಿದಾಗ ಸಿಹಿಯಾದ ರಸ ಬರುತ್ತದೆ. ಯೀಸ್ಟ್ ಹಾಕುವ ಮುನ್ನ ಆ ರಸದಲ್ಲಿ ಧಾನ್ಯದಿಂದ ಕರಗಿ ಬಂದ ಅಂಶ ತೂಕದಲ್ಲಿ ಶೇಕಡಾ ಎಷ್ಟಿದೆ ಎಂಬುದೇ ಷ್ಟಾಮ್‌ವ್ಯುರ್ತ್ಸೆ. ನೂರು ಗ್ರಾಂ ರಸದಲ್ಲಿ 11 ಅಥವಾ 12 ಗ್ರಾಂ ಇದ್ದರೆ ಅದು ದಿನನಿತ್ಯದ ಬಿಯರು. 16 ಮುಟ್ಟಿದರೆ ಷ್ಟಾರ್ಕ್‌ಬಿಯರ್. ಅದರೊಳಗೇ 16ಕ್ಕೆ ‘ಬೊಕ್’, 18ಕ್ಕೆ ‘ಡೊಪ್ಪೆಲ್‌ಬೊಕ್’ ಎಂಬ ಪಟ್ಟ. ಡೊಪ್ಪೆಲ್ ಎಂದರೆ ಇಮ್ಮಡಿ ಎಂದರ್ಥವಾದರೂ ಲೆಕ್ಕದಲ್ಲಿ ಏರುವುದು ಎರಡೇ ಅಂಶ. ಆಲ್ಕೋಹಾಲ್ ಇದರ ಹಿಂದೆ ತಾನಾಗಿ ಬರುತ್ತದೆ: ಬೊಕ್‌ನಲ್ಲಿ ಸುಮಾರು ಆರೂವರೆ, ಡೊಪ್ಪೆಲ್‌ಬೊಕ್‌ನಲ್ಲಿ ಏಳರಿಂದ ಎಂಟು. ಜರ್ಮನ್ ಸರ್ಕಾರ ಬಿಯರಿನ ತೆರಿಗೆ ಹಾಕುವುದೂ ಈ ಧಾನ್ಯದ ಲೆಕ್ಕದ ಮೇಲೆಯೇ. ಅಳತೆಯ ಘಟಕಕ್ಕೆ ಫ್ರಿಟ್ಸ್ ಪ್ಲಾಟೋ ಎಂಬ ರಸಾಯನ ವಿಜ್ಞಾನಿಯ ಹೆಸರಿದೆ. ಒಂದು ಹೆಕ್ಟೋಲೀಟರ್ ಬಿಯರಿಗೆ, ಒಂದೊಂದು ಪ್ಲಾಟೋ ಡಿಗ್ರಿಗೆ 0.787 ಯೂರೋ. ಹೆಚ್ಚು ಧಾನ್ಯ ಸುರಿದವನು ಹೆಚ್ಚು ತೆರಿಗೆ ಕಟ್ಟುತ್ತಾನೆ.

ಹಾಗಾದರೆ ಇಷ್ಟೊಂದು ಧಾನ್ಯ ಸುರಿಯುವ ಅಗತ್ಯವಾದರೂ ಯಾರಿಗೆ ಬಂತು? ಅದನ್ನು ತಿಳಿಯಲು ಮ್ಯೂನಿಕ್ ಬಿಟ್ಟು ಉತ್ತರಕ್ಕೆ ಹೋಗಬೇಕು.

ಗ್ಯೋಟಿಂಗೆನ್‌ನಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ, ಲೋವರ್ ಸ್ಯಾಕ್ಸನಿ ರಾಜ್ಯದ ಗುಡ್ಡಗಳ ನಡುವೆ ಐನ್‌ಬೆಕ್ ಎಂಬ ಪುಟ್ಟ ಊರಿದೆ. ಮುಖ್ಯ ರೈಲು ಮಾರ್ಗದಿಂದ ಕವಲೊಡೆದ ಒಂದು ಹಳಿ ಊರಿನೊಳಕ್ಕೆ ಹೋಗುತ್ತದೆ. ದಶಕಗಳ ಕಾಲ ಪ್ರಯಾಣಿಕರ ಗಾಡಿಯಿಲ್ಲದೆ ಬಿದ್ದಿದ್ದ ಆ ಹಳಿಯ ಮೇಲೆ 2018ರ ಕೊನೆಯಲ್ಲಿ ಮತ್ತೆ ರೈಲು ಓಡತೊಡಗಿತು. ಇಳಿದು ನಡೆದರೆ ಟೀಡೆಕ್ಸರ್ ಬೀದಿ. ಮರದ ತೊಲೆಗಳ ಚೌಕಟ್ಟು ಕಟ್ಟಿ ನಡುವೆ ಗೋಡೆ ತುಂಬಿದ ಮನೆಗಳು ಎರಡೂ ಬದಿಗೆ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ತೊಲೆಗಳ ಮೇಲೆ ಬೀಸಣಿಗೆಯಾಕಾರದ ಕೆತ್ತನೆ, ಅದಕ್ಕೆ ಕೆಂಪು, ಹಸಿರು, ಹಳದಿ ಬಣ್ಣ. 1540ರಲ್ಲಿ ಇಡೀ ಊರು ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿಕೊಂಡ ಮನೆಗಳಿವು.

ಇವುಗಳಲ್ಲಿ ಕೆಲವಕ್ಕೆ ವಿಚಿತ್ರ ಬಾಗಿಲು. ಮನೆ ಚಿಕ್ಕದು, ಬಾಗಿಲು ಮಾತ್ರ ಕಮಾನು ಕಟ್ಟಿ ಎರಡಾಳೆತ್ತರಕ್ಕೆ ಏರಿದೆ. ಅಷ್ಟೆತ್ತರ ಬೇಕಾದದ್ದು ಮನುಷ್ಯರಿಗಲ್ಲ, ಬಾಣಲೆಗೆ. ಮಧ್ಯಯುಗದಲ್ಲಿ ಇಲ್ಲಿನ ನೂರಾರು ಮನೆಗಳಿಗೆ ಬಿಯರು ಮಾಡುವ ಹಕ್ಕಿತ್ತು, ಆದರೆ ಕುದಿಸುವ ದೊಡ್ಡ ಬಾಣಲೆ ಊರಿನ ಸ್ವತ್ತು. ಸರದಿ ಬಂದವರ ಮನೆಗೆ ಬಾಣಲೆಯೂ ಹೋಗುತ್ತಿತ್ತು, ಅದರ ಜೊತೆ ಊರು ನೇಮಿಸಿದ ಬಿಯರು ತಯಾರಕನೂ ಹೋಗುತ್ತಿದ್ದ. ಬಾಗಿಲಿನಿಂದ ತಲೆ ಎತ್ತಿ ನೋಡಿದರೆ ಚಾವಣಿಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಗಳು ಕಾಣುತ್ತವೆ. ಮೊಳಕೆ ಬಂದ ಧಾನ್ಯವನ್ನು ಒಣಹಾಕುತ್ತಿದ್ದದ್ದು ಆ ಅಟ್ಟಗಳಲ್ಲಿ. ಹೀಗೆ ಮನೆಮನೆಯಲ್ಲೂ ತಯಾರಾದರೂ ರುಚಿ ಎಲ್ಲ ಕಡೆ ಒಂದೇ, ಮಾರಾಟದ ಮೇಲೆ ಊರಿನ ಆಡಳಿತದ ಹಿಡಿತ. ಮಾರುಕಟ್ಟೆ ಚೌಕದಲ್ಲಿ ಟಿಲ್ ಓಯ್ಲೆನ್‌ಷ್ಪೀಗೆಲ್‌ನ ಕಾರಂಜಿ ಇದೆ. ಜರ್ಮನ್ ಜನಪದದ ಈ ತುಂಟ ಇಲ್ಲಿ ಬಿಯರು ತಯಾರಕನ ಆಳಾಗಿದ್ದನಂತೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಚೆನ್ನಾಗಿ ಕುದಿಸು ಎಂದು ಯಜಮಾನ ಹೇಳಿ ಹೋದರೆ, ಹಾಪ್ಸ್‌ನ ಜರ್ಮನ್ ಹೆಸರನ್ನೇ ಇಟ್ಟುಕೊಂಡಿದ್ದ ಮನೆಯ ನಾಯಿಯನ್ನು ಹಿಡಿದು ಬಾಣಲೆಗೆ ಹಾಕಿದನಂತೆ. ಆ ಕಥೆಯನ್ನು ಊರು ಇವತ್ತಿಗೂ ನಗುತ್ತಲೇ ಹೇಳುತ್ತದೆ.

ಐನ್‌ಬೆಕ್ ಹನ್ಸಾ ವ್ಯಾಪಾರಿ ಒಕ್ಕೂಟದ ಊರಾಗಿತ್ತು. ಅದರ ಬಿಯರಿನ ಹಳೆಯ ದಾಖಲೆ 1378ರ ಏಪ್ರಿಲ್ 28ರ ಒಂದು ಲೆಕ್ಕದ ಚೀಟಿ: ತ್ಸೆಲ್ಲೆ ಎಂಬ ಊರಿಗೆ ಎರಡು ಪೀಪಾಯಿ ಮಾರಾಟ. ಅಲ್ಲಿಂದ ಮುಂದೆ ಪೀಪಾಯಿಗಳು ಇನ್ನೂ ದೂರ ಹೋದವು. ಎತ್ತು ಕುದುರೆಗಳು ಎಳೆಯುವ ಗಾಡಿಯಲ್ಲಿ ವಾರಗಟ್ಟಲೆ ಪಯಣ, ಬೇಸಿಗೆಯ ಬಿಸಿಲು. ತೆಳು ಬಿಯರು ಅರ್ಧ ದಾರಿಯಲ್ಲೇ ಹುಳಿಯಾಗುತ್ತಿತ್ತು. ಧಾನ್ಯ ಹೆಚ್ಚಿದ್ದು, ಹಾಪ್ಸ್ ಧಾರಾಳವಾಗಿದ್ದರೆ ತಡೆಯುತ್ತಿತ್ತು. ಐನ್‌ಬೆಕ್ ತನ್ನ ಬಿಯರನ್ನು ಗಟ್ಟಿ ಮಾಡಿದ್ದು ಪ್ರಯಾಣಕ್ಕಾಗಿ. 1521ರಲ್ಲಿ ವೋರ್ಮ್ಸ್ ನಗರದ ಮಹಾಸಭೆಯಲ್ಲಿ ಚಕ್ರವರ್ತಿಯ ಎದುರು ನಿಂತು ಬಂದ ಮಾರ್ಟಿನ್ ಲೂಥರ್‌ಗೆ ಬ್ರೌನ್‌ಷ್ವೈಗ್ ವಂಶದ ಡ್ಯೂಕ್ ಎರಿಕ್ ಬೆಳ್ಳಿಯ ಹೂಜಿಯಲ್ಲಿ ಈ ಬಿಯರು ಕಳಿಸಿದನೆಂಬುದು ಪರಂಪರೆಯ ಕಥೆ.

ಪ್ರಯಾಣ ಮಾಡಿ ಮಾಡಿ ಅದು ಮ್ಯೂನಿಕ್‌ಗೂ ಬಂತು. ಬವೇರಿಯಾದ ಅರಮನೆಗೆ ಉತ್ತರದ ಈ ಬಿಯರು ಎಷ್ಟು ಹಿಡಿಸಿತೆಂದರೆ ಅದನ್ನು ತರಿಸುವ ಖರ್ಚೇ ಬೊಕ್ಕಸಕ್ಕೆ ಭಾರವಾಯಿತು. 1589ರಲ್ಲಿ ಡ್ಯೂಕ್ ಐದನೇ ವಿಲ್ಹೆಲ್ಮ್ ಅರಮನೆಗೆ ಸ್ವಂತ ಬಿಯರು ಮನೆ ಕಟ್ಟಿಸಿದ. ಇಂದು ಪ್ರವಾಸಿಗರು ಸಾಲುಗಟ್ಟುವ ಹೋಫ್‌ಬ್ರೊಯ್‌ಹೌಸ್‌ನ ಮೂಲ ಅದೇ. ಆದರೂ ಐನ್‌ಬೆಕ್‌ನ ರುಚಿ ಕೈಗೆ ಹತ್ತಲಿಲ್ಲ. ಕೊನೆಗೆ ಅವನ ಮಗ ಮ್ಯಾಕ್ಸಿಮಿಲಿಯನ್ ಕಾಲದಲ್ಲಿ, 1614ರ ಹೊತ್ತಿಗೆ, ಎಲಿಯಾಸ್ ಪಿಕ್ಲರ್ ಎಂಬ ಬಿಯರು ತಯಾರಕನನ್ನು ಐನ್‌ಬೆಕ್‌ನಿಂದಲೇ ಕರೆಸಿಕೊಂಡರು. ಸರಕಿನ ಬದಲು ಕಸುಬುದಾರನನ್ನೇ ತಂದ ಮೇಲೆ ಕೆಲಸ ಕೈಗೂಡಿತು.

ಕಸುಬು ಬಂತು, ಹೆಸರು ಮಾತ್ರ ದಾರಿಯಲ್ಲಿ ಸವೆಯಿತು. ಐನ್‌ಬೆಕ್ ಎಂಬುದು ಬವೇರಿಯನ್ನರ ಬಾಯಲ್ಲಿ ‘ಐನ್‌ಪೊಕ್’ ಆಗಿ, ಅದರ ಮೊದಲ ತುಂಡು ‘ಒಂದು’ ಎಂಬ ಅರ್ಥದಂತೆ ಕೇಳಿಸಿ, ಉಳಿದದ್ದು ‘ಬೊಕ್’. ಬೊಕ್ ಎಂದರೆ ಜರ್ಮನ್‌ನಲ್ಲಿ ಹೋತ. ಹೀಗೆ ಒಂದು ಊರು ಹೋತವಾಗಿ, ಬಾಟಲಿಯ ಚೀಟಿಯ ಮೇಲೆ ಕೊಂಬು ತಿರುಚಿಕೊಂಡು ನಿಂತಿತು. ಆಯಿಂಗ್ ಊರಿನ ಸೆಲೆಬ್ರೇಟರ್ ಬಿಯರಿನ ಚೀಟಿಯಲ್ಲಿ ಬಿಯರಿನ ಲೋಟದ ಎರಡು ಬದಿಗೂ ಹೋತಗಳು ಎದ್ದು ನಿಂತಿವೆ. ಬಾಟಲಿಯ ಕೊರಳಿನಲ್ಲಿ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಹೋತ ತೂಗಾಡುತ್ತದೆ. ಕುಡಿಯುವ ಹೆಚ್ಚಿನವರಿಗೆ ಉತ್ತರದ ಆ ಊರಿನ ನೆನಪೇ ಇಲ್ಲ. ಐನ್‌ಬೆಕ್‌ನಲ್ಲಿ ಈಗಲೂ ಒಂದು ದೊಡ್ಡ ಬಿಯರು ಕಾರ್ಖಾನೆ ನಡೆಯುತ್ತಿದೆ, ಆ ಊರಿನವರು ಮಾತ್ರ ಸಿಕ್ಕವರಿಗೆಲ್ಲ ಇದನ್ನು ನೆನಪಿಸುತ್ತಲೇ ಇರುತ್ತಾರೆ.

ಮ್ಯೂನಿಕ್‌ನಲ್ಲಿ ಈ ಗಟ್ಟಿ ಬಿಯರಿಗೆ ಎರಡನೆಯ ಕಾರಣ ಸಿಕ್ಕಿತು: ಉಪವಾಸ. ಈಸಾರ್ ನದಿಯ ಆಚೆ ದಡದ ಔ ಎಂಬ ಬಡಾವಣೆಯಲ್ಲಿ ಇಟಲಿಯ ಪಾವೊಲಾ ಊರಿನ ಸಂತ ಫ್ರಾನ್ಸಿಸ್‌ನ ಅನುಯಾಯಿಗಳ ಮಠವಿತ್ತು. ಪಾವೊಲಾದಿಂದಲೇ ಅವರಿಗೆ ಪೌಲಾನರ್ ಎಂಬ ಹೆಸರು. ವಿಭೂತಿ ಬುಧವಾರದಿಂದ ಈಸ್ಟರ್‌ವರೆಗಿನ, ನಮ್ಮ ಕನ್ನಡ ಕ್ರೈಸ್ತರು ತಪಸ್ಸುಕಾಲ ಎನ್ನುವ, 40 ದಿನಗಳ ವ್ರತ ಎಲ್ಲ ಕ್ಯಾಥೊಲಿಕರಿಗೂ ಇದೆ. ಪೌಲಾನರ್ ಸನ್ಯಾಸಿಗಳು ಆ ವ್ರತವನ್ನು ವರ್ಷವಿಡೀ ಪಾಲಿಸುವ ಪ್ರತಿಜ್ಞೆ ಮಾಡಿದವರು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಬೆಣ್ಣೆಯೂ ಇಲ್ಲ. ಆದರೆ ದ್ರವ ಪದಾರ್ಥದಿಂದ ವ್ರತ ಮುರಿಯುವುದಿಲ್ಲ ಎಂಬುದು ಚರ್ಚಿನಲ್ಲಿ ಬಹಳ ಹಿಂದಿನಿಂದ ಒಪ್ಪಿಕೊಂಡ ಮಾತು. ಧಾನ್ಯದ ಸಾರವೆಲ್ಲ ಇಳಿದ ಬಿಯರು ಅವರಿಗೆ ಊಟವಾಯಿತು. ಏಕಾದಶಿಯ ದಿನ ಅನ್ನ ಬಿಟ್ಟು ತಟ್ಟೆ ತುಂಬ ಅವಲಕ್ಕಿ, ಉಪ್ಪಿಟ್ಟು ತಿಂದು ‘ಫಲಾಹಾರ ಅಷ್ಟೇ’ ಎನ್ನುವ ಮನೆಗಳಲ್ಲಿ ಬೆಳೆದ ನಮಗೆ ಈ ತರ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪೌಲಾನರ್ ಬಿಯರಿನ ಮೊದಲ ದಾಖಲೆ 1634ರದ್ದು. ಮಠದ ಗುರು ಸಂತ ಫ್ರಾನ್ಸಿಸ್‌ನ ಹಬ್ಬ ಏಪ್ರಿಲ್ 2ರಂದು. ಆ ಹೊತ್ತಿಗೆ ಮಠದ ವಿಶೇಷ ಬಿಯರು ಊರಿನವರಿಗೂ ಸಿಗುತ್ತಿತ್ತು. ‘ಸಂತ ಗುರುವಿನ ಬಿಯರು’ ಎಂಬ ಹೆಸರು ಜನರ ಬಾಯಲ್ಲಿ ಬದಲಾಗಿ ‘ಸಾಲ್ವಾಟೊರ್’ ಆಯಿತು, ಎಂದರೆ ಲೋಕರಕ್ಷಕ. 18ನೇ ಶತಮಾನದ ಕೊನೆಯ ಭಾಗದಲ್ಲಿ ಬಾರ್ನಬಾಸ್ ಎಂಬ ಸನ್ಯಾಸಿ ಇದರ ಪಾಕವನ್ನು ಹದಕ್ಕೆ ತಂದನೆಂದು ಹೆಸರುವಾಸಿ. 1799ರಲ್ಲಿ ಮಠ ಮುಚ್ಚಿತು. ಕೆಲವು ವರ್ಷಗಳ ಬಳಿಕ ಫ್ರಾನ್ಸ್ ಕ್ಸಾವರ್ ತ್ಸಾಕರ್ಲ್ ಎಂಬ ಗೃಹಸ್ಥ ಬಿಯರು ಮನೆಯನ್ನು ಮೊದಲು ಗುತ್ತಿಗೆಗೆ ಹಿಡಿದು ಬಳಿಕ ಕೊಂಡುಕೊಂಡ. ಊರಿನ ಬೇರೆ ತಯಾರಕರೂ ತಮ್ಮ ಗಟ್ಟಿ ಬಿಯರನ್ನು ಸಾಲ್ವಾಟೊರ್ ಎಂದೇ ಮಾರುತ್ತಿದ್ದರು. 1896ರಲ್ಲಿ ಆ ಹೆಸರು ಪೌಲಾನರ್‌ನ ಸ್ವಂತ ಮುದ್ರೆಯಾದಾಗ ಉಳಿದವರು ಹೆಸರು ಬಿಟ್ಟು ಅದರ ಬಾಲ ಹಿಡಿದುಕೊಂಡರು. ಔಗುಸ್ಟೀನರ್‌ನವರದು ಮ್ಯಾಕ್ಸಿಮಾಟೊರ್, ಲ್ಯೋವನ್‌ಬ್ರೊಯ್‌ನವರದು ಟ್ರಿಯುಂಫಾಟೊರ್, ಷ್ಪಾಟನ್‌ನವರದು ಒಪ್ಟಿಮಾಟೊರ್. ಇವತ್ತಿಗೂ ಬಾಟಲಿಯ ಮೇಲೆ ‘ಆಟೊರ್’ ಕಂಡರೆ ಅದು ಡೊಪ್ಪೆಲ್‌ಬೊಕ್ ಎಂದು ತಿಳಿಯಬಹುದು.

ಈಗ ಮಠವಿಲ್ಲ. ಸಾಲ್ವಾಟೊರ್ ಸಂಪ್ರದಾಯ ಉಳಿದಿರುವುದು ಅದೇ ಔ ಬಡಾವಣೆಯ ನೊಕ್ಕರ್‌ಬೆರ್ಗ್ ಎಂಬ ದಿಬ್ಬದ ಮೇಲಿನ ಸಭಾಂಗಣದಲ್ಲಿ. ಪ್ರತಿ ತಪಸ್ಸುಕಾಲದಲ್ಲಿ ಅಲ್ಲಿ ಮೊದಲ ಪೀಪಾಯಿ ತೆರೆದು, ಮೊದಲ ಮಗ್ಗನ್ನು ಲ್ಯಾಟಿನ್ ಭಾಷೆಯ ಸ್ವಾಗತದೊಂದಿಗೆ ಬವೇರಿಯಾದ ಮುಖ್ಯಮಂತ್ರಿಯ ಕೈಗಿಡುತ್ತಾರೆ. ಆಮೇಲೆ ಅವರನ್ನೂ ಅವರ ಮಂತ್ರಿಗಳನ್ನೂ ವಿರೋಧ ಪಕ್ಷದವರನ್ನೂ ಎದುರಿಗೇ ಕೂರಿಸಿಕೊಂಡು ಝಾಡಿಸುತ್ತಾರೆ. ಬವೇರಿಯನ್ ಆಡುಮಾತಿನಲ್ಲಿ ಇದಕ್ಕೆ ‘ಡೆರ್‌ಬ್ಲೆಕೆನ್’ ಎಂದು ಹೆಸರು. 19ನೇ ಶತಮಾನದ ಕೊನೆಯಲ್ಲಿ ಹಾಸ್ಯಗಾರರು ಬೆಳೆಸಿದ ಸಂಪ್ರದಾಯವಿದು. ಬಹಳ ವರ್ಷ ಬಾರ್ನಬಾಸ್ ಸನ್ಯಾಸಿಯ ವೇಷದಲ್ಲಿ ಈ ಭಾಷಣ ನಡೆಯುತ್ತಿತ್ತು. 2011ರಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, ನಟಿ ಲುಯಿಸೆ ಕಿನ್ಸೆಹರ್, ‘ಬವೇರಿಯಾ ತಾಯಿ’ಯ ವೇಷದಲ್ಲಿ ಆ ವೇದಿಕೆ ಹತ್ತಿದರು.

ಆ ಸಂಜೆಗೆ ಆಹ್ವಾನಿತರಿಗಷ್ಟೇ ಪ್ರವೇಶ. ಬವೇರಿಯಾದ ಸಾರ್ವಜನಿಕ ಟಿವಿ ಅದನ್ನು ನೇರ ಪ್ರಸಾರ ಮಾಡುತ್ತದೆ, ನಾನು ನೋಡಿದ್ದೂ ಗೆಳೆಯನ ಮನೆಯ ಸೋಫಾದಲ್ಲಿ ಕೂತೇ. ಭಾಷಣ ಅರ್ಥವಾಗದಿದ್ದರೂ ಮುಖಗಳು ಅರ್ಥವಾಗುತ್ತವೆ. ಮಾತಿನ ಏಟು ಯಾರಿಗೆ ಬಿತ್ತೋ ಕ್ಯಾಮೆರಾ ಆ ಕ್ಷಣವೇ ಅವರ ಮುಖಕ್ಕೆ ಹೋಗುತ್ತದೆ. ಒಬ್ಬರು ದೊಡ್ಡದಾಗಿ ನಗುತ್ತಾರೆ, ಕಣ್ಣು ಮಾತ್ರ ನಗುವುದಿಲ್ಲ. ಪಕ್ಕದಲ್ಲಿದ್ದವರು ನಗಬೇಕೋ ಬೇಡವೋ ಎಂದು ತಡವರಿಸಿ ಮಗ್ಗಿನೊಳಗೆ ಮುಖ ಹುದುಗಿಸುತ್ತಾರೆ. ‘ಬೈಸಿಕೊಂಡವರಿಗಿಂತ ಹೆಸರೇ ಬರದವರಿಗೆ ಬೇಜಾರು ಜಾಸ್ತಿ’ ಎಂದು ಗೆಳೆಯ ವಿವರಿಸಿದ. ಮರುದಿನದ ಪತ್ರಿಕೆಗಳಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬುದೇ ಸುದ್ದಿ.

ಆಮೇಲೆ ಒಂದು ಸಾಮಾನ್ಯ ಸಂಜೆ ನಾವೂ ಅಲ್ಲಿಗೆ ಹೋದೆವು. ಉದ್ದುದ್ದ ಮೇಜುಗಳು, ವೇದಿಕೆಯ ಮೇಲೆ ಹಿತ್ತಾಳೆ ವಾದ್ಯಗಳು, ಬಿಯರು ಬರುವುದು ಬೂದು ಬಣ್ಣದ ಪಿಂಗಾಣಿ ಮಗ್ಗಿನಲ್ಲಿ. ಒಂದು ಲೀಟರಿನ ಆ ಮಗ್ಗನ್ನು ಎತ್ತಲು ಎರಡು ಕೈ ಬೇಕಾಯಿತು. ಒಳಗೆ ಎಷ್ಟಿದೆ ಎಂದು ಕಾಣುವುದಿಲ್ಲ, ಬಣ್ಣವೂ ಕಾಣುವುದಿಲ್ಲ. ಸಾಲ್ವಾಟೊರ್‌ನ ಷ್ಟಾಮ್‌ವ್ಯುರ್ತ್ಸೆ 18.3, ಆಲ್ಕೋಹಾಲ್ 7.9. ಅಂಕಿ ನಮ್ಮ ಸ್ಟ್ರಾಂಗ್‌ನ ಮೇಲಿನ ಮಿತಿಯ ಹತ್ತಿರವೇ ಇದ್ದರೂ ಗಂಟಲು ಸುಡುವ ಗುಣ ಇದಕ್ಕಿಲ್ಲ. ಮೊದಲು ಬರುವುದು ಸಿಹಿ, ಮಾಲ್ಟಿನ ದಪ್ಪ, ಆಮೇಲೆ ಬ್ರೆಡ್ಡಿನ ಅಂಚು ಹುರಿದಂಥ ವಾಸನೆ, ಕಹಿ ಕೊನೆಗೆ ಸ್ವಲ್ಪವೇ. ಕುಡಿದದ್ದು ಹೊಟ್ಟೆಗೆ ಊಟದಂತೆ ಕೂರುತ್ತದೆ. ಸನ್ಯಾಸಿಗಳ ಲೆಕ್ಕ ಆಗ ಅರ್ಥವಾಗುತ್ತದೆ. ಅಪಾಯ ಇರುವುದೂ ಇಲ್ಲಿಯೇ. ಕುಡಿಯುವಾಗ ಏನೂ ಅನ್ನಿಸುವುದಿಲ್ಲ, ಏಳುವಾಗ ಗೊತ್ತಾಗುತ್ತದೆ. 1888ರಲ್ಲಿ ನೊಕ್ಕರ್‌ಬೆರ್ಗ್‌ನ ಇದೇ ಹಬ್ಬದಲ್ಲಿ ಎದ್ದ ಹೊಡೆದಾಟ ‘ಸಾಲ್ವಾಟೊರ್ ಕದನ’ ಎಂದೇ ಊರಿನ ಇತಿಹಾಸದಲ್ಲಿ ದಾಖಲಾಗಿದೆ.

ಮಠದಲ್ಲೇ ತಯಾರಾಗುವ ಬಿಯರು ನೋಡಬೇಕೆಂದರೆ ನಗರದ ಹೊರಗೆ ಹೋಗಬೇಕು. ಎಸ್8 ಲೋಕಲ್ ರೈಲಿನ ಕೊನೆಯ ನಿಲ್ದಾಣ ಹೆರ್ಷಿಂಗ್, ಆಮ್ಮರ್ ಸರೋವರದ ದಡ. ಅಲ್ಲಿಂದ ಕೀನ್‌ಟಾಲ್ ಎಂಬ ಕಣಿವೆಯಲ್ಲಿ ತೊರೆಯ ಪಕ್ಕದ ಕಾಡುದಾರಿ ಹಿಡಿದು ಒಂದು ಗಂಟೆ ಹತ್ತಿದರೆ ಆಂಡೆಕ್ಸ್. ಬವೇರಿಯನ್ನರು ಇದನ್ನು ‘ಪವಿತ್ರ ಬೆಟ್ಟ’ ಎನ್ನುತ್ತಾರೆ. ಮಧ್ಯಯುಗದಿಂದಲೂ ಯಾತ್ರಿಕರು ನಡೆದು ಬರುವ ಜಾಗ. 1455ರಿಂದ ಇಲ್ಲಿ ಬೆನೆಡಿಕ್ಟೀನ್ ಸನ್ಯಾಸಿಗಳ ಮಠವಿದೆ. 1803ರಲ್ಲಿ ಸರ್ಕಾರ ಮಠಗಳನ್ನು ವಶಪಡಿಸಿಕೊಂಡಾಗ ಇದೂ ಹೋಯಿತು. ನಂತರ ದೊರೆ ಮೊದಲನೇ ಲುಡ್ವಿಗ್ ಮ್ಯೂನಿಕ್‌ನಲ್ಲಿ ಸೇಂಟ್ ಬೊನಿಫಾಸ್ ಮಠ ಕಟ್ಟಿಸಿ, ಅದರ ಖರ್ಚಿಗೆ ಆದಾಯ ಬರಲೆಂದು ಆಂಡೆಕ್ಸನ್ನು ಕೊಟ್ಟ. ಆ ಏರ್ಪಾಡು ಈಗಲೂ ಹಾಗೆಯೇ ಇದೆ. ಸೇಂಟ್ ಬೊನಿಫಾಸ್‌ನವರು ನಗರದಲ್ಲಿ ಮನೆಯಿಲ್ಲದವರಿಗೆ ಊಟ, ಚಿಕಿತ್ಸೆ ಒದಗಿಸುತ್ತಾರೆ. ಅವರ ಖರ್ಚಿಗೆ ಬೆಟ್ಟದ ಮೇಲಿನ ಬಿಯರಿನ ಆಸರೆ ಇದೆ.

ಚರ್ಚಿನ ಒಳಗೆಲ್ಲ ಚಿನ್ನದ ಬಣ್ಣದ ರೊಕೊಕೊ ಅಲಂಕಾರ, ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಸಂಗೀತಕಾರ ಕಾರ್ಲ್ ಓರ್ಫ್‌ನ ಸಮಾಧಿ. ಕೆಳಗಿನ ಊಟದ ಮನೆಯಲ್ಲಿ ನಾವೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಗಾಜಿನ ಲೋಟದಲ್ಲಿ ಬಂದ ಡೊಪ್ಪೆಲ್‌ಬೊಕ್‌ನ ಬಣ್ಣ ಇಲ್ಲಿ ಸರಿಯಾಗಿ ಕಂಡಿತು: ಮೇಜಿನ ಮೇಲಿದ್ದಾಗ ಕಪ್ಪು, ಕಿಟಕಿಯ ಬೆಳಕಿಗೆ ಹಿಡಿದರೆ ಕೆಂಪು ತಾಮ್ರ. ಪಕ್ಕದ ಮೇಜಿನ ಮುದುಕರು ಮರದ ಹಲಗೆಯ ಮೇಲೆ ಮೂಲಂಗಿಯನ್ನು ತೆಳ್ಳಗೆ ಸುರುಳಿ ಬರುವಂತೆ ಹೆಚ್ಚಿ, ಉಪ್ಪು ಸವರಿ, ಅದು ನೀರು ಬಿಡುವವರೆಗೆ ಕಾದು ತಿನ್ನುತ್ತಿದ್ದರು. ಅವರ ಲೋಟಗಳು ಖಾಲಿಯಾಗುವ ಆತುರವೇ ಕಾಣಲಿಲ್ಲ.

ಗಟ್ಟಿ ಬಿಯರಿನ ಹೆಸರುಗಳು ಬೇರೆ ಬೇರೆ ಕಡೆ ಬೇರೆ ಬೇರೆ ತಿಂಗಳಿಗೆ ಅಂಟಿಕೊಂಡಿವೆ. ಮ್ಯೂನಿಕ್‌ನವರು ‘ಷ್ಟಾರ್ಕ್‌ಬಿಯರ್’ ಎಂದರೆ ಮಾರ್ಚ್. ಮೇ ತಿಂಗಳು ಹತ್ತಿರ ಬಂದಾಗ ತಿಳಿ ಬಣ್ಣದ ‘ಮೈಬೊಕ್’ ಬರುತ್ತದೆ. ಉತ್ತರ ಬವೇರಿಯಾದ ಬಾಂಬೆರ್ಗ್‌ಗೆ ಹೋದರೆ ‘ಬೊಕ್’ ಅಕ್ಟೋಬರ್, ನವೆಂಬರ್‌ನ ಮಾತು. ಒಂದೊಂದು ಬಿಯರು ಮನೆಯೂ ಒಂದೊಂದು ದಿನ ಪೀಪಾಯಿ ತೆರೆಯುತ್ತದೆ. ಕುಲ್ಮ್‌ಬಾಕ್‌ನ ‘ಐಸ್‌ಬೊಕ್’ ಚಳಿಗಾಲದ ಕೂಸು. ಹೊರಗೆ ಮರೆತುಬಿಟ್ಟ ಪೀಪಾಯಿ ಹೆಪ್ಪುಗಟ್ಟಿತು, ತಪ್ಪು ಮಾಡಿದ ಹುಡುಗನಿಗೆ ಶಿಕ್ಷೆಯೆಂದು ಒಳಗೆ ಉಳಿದದ್ದನ್ನು ಕುಡಿಸಿದರು ಎಂಬುದು ದಂತಕಥೆ. ವಿಜ್ಞಾನ ಸರಳ: ನೀರು ಮೊದಲು ಮಂಜಾಗುತ್ತದೆ, ಅದನ್ನು ತೆಗೆದರೆ ಉಳಿದದ್ದು ಇನ್ನಷ್ಟು ಗಟ್ಟಿ. ಇನ್ನು ಯುವಕರ ಬಾಯಲ್ಲಿ ಬೊಕ್‌ಗೂ ಬಿಯರಿಗೂ ಸಂಬಂಧವೇ ಇಲ್ಲ. ‘ನನಗೆ ಬೊಕ್ ಇಲ್ಲ’ ಎಂದರೆ ‘ಮನಸ್ಸಿಲ್ಲ, ಮೂಡಿಲ್ಲ’ ಎಂದಷ್ಟೇ.

ದೂರದ ಪಯಣ ತಡೆಯಲಿ ಎಂದು ಐನ್‌ಬೆಕ್‌ನವರು, ವ್ರತದಲ್ಲಿ ಹೊಟ್ಟೆ ತುಂಬಲಿ ಎಂದು ಸನ್ಯಾಸಿಗಳು ಬಿಯರಿಗೆ ಧಾನ್ಯ ಹೆಚ್ಚಿಸಿದರು. ಬೇಗ ತಲೆಗೇರಲಿ ಎಂಬುದು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ. ಆ ಅಗತ್ಯಗಳು ಎಂದೋ ಮುಗಿದಿವೆ, ಆದರೆ ಅವು ಹಾಕಿಕೊಟ್ಟ ಕಟ್ಟು ಉಳಿದಿದೆ: ಇಂತಿಷ್ಟು ಧಾನ್ಯ, ಇಂಥ ತಿಂಗಳು, ಹೊಟ್ಟೆಗೆ ತಿಂಡಿ, ಎದುರಿಗೆ ಮಾತಾಡಲು ಜನ. ನಮ್ಮ ಸ್ಟ್ರಾಂಗ್‌ಗೆ ಇವುಗಳಲ್ಲಿ ಯಾವುದೂ ಇಲ್ಲ. ಕಡಿಮೆ ದುಡ್ಡಿಗೆ ಹೆಚ್ಚು ಅಮಲು ಎಂಬ ಒಂದೇ ಲೆಕ್ಕದ ಮೇಲೆ ಅದು ನಿಂತಿದೆ. ಎರಡಕ್ಕೂ ಒಂದೇ ಹೆಸರಿರುವುದು ಕೇವಲ ಕಾಕತಾಳೀಯ.

ಹೋಗುವ ಮನಸ್ಸಿರುವವರು ಈಸ್ಟರ್ ಯಾವಾಗ ಎಂದು ನೋಡಿಕೊಂಡು, ಅದಕ್ಕೆ ಹಿಂದಿನ ವಾರಗಳಲ್ಲಿ ಮ್ಯೂನಿಕ್‌ನಲ್ಲಿರುವಂತೆ ಟಿಕೆಟ್ ಮಾಡಿಸಿ. ಕುಡಿಯದವರೂ ಆಂಡೆಕ್ಸ್‌ಗೆ ಧಾರಾಳವಾಗಿ ಹೋಗಬಹುದು. ಚರ್ಚು, ಕಾಡುದಾರಿ, ಮೂಲಂಗಿ ಇವಕ್ಕೆ ಬಿಯರಿನ ಹಂಗಿಲ್ಲ. ಕುಡಿಯುವವರು ಬಾಡಿಗೆ ಕಾರಿನ ಆಸೆ ಬಿಟ್ಟು ರೈಲಿನಲ್ಲೇ ಹೋಗಿ. ಜರ್ಮನಿಯಲ್ಲಿ ಚಾಲಕರ ರಕ್ತದಲ್ಲಿ ಸಾವಿರಕ್ಕೆ 0.5 ಪಾಲಿಗಿಂತ ಹೆಚ್ಚು ಆಲ್ಕೋಹಾಲ್ ಇರುವಂತಿಲ್ಲ. ಡೊಪ್ಪೆಲ್‌ಬೊಕ್‌ನ ಒಂದೇ ಮಗ್ಗು ಅದನ್ನು ಸುಲಭವಾಗಿ ದಾಟಿಸುತ್ತದೆ.